ಮಹಾಮಾರಿಯನ್ನು ಎದುರಿಸಿದ ಹ್ಯಾಫ್ಕಿನ್

ಬೆಳಗಾವಿ ಜಿಲ್ಲೆಯ ಹಾರೂಗೇರಿಯಂತಹ ಊರುಗಳಲ್ಲಿ ತಾಯಂದಿರು ಕೂಸುಗಳಿಗೆ ಲಸಿಕೆ ಹಾಕಿಸುವುದು ಇಂದು ದಿನನಿತ್ಯದ ನೋಟ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದೇ ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಪ್ಲೇಗು ಮನೆಮನೆಗಳನ್ನು ಬರಿದು ಮಾಡುತ್ತಿತ್ತು. ಇಲಿ ಸತ್ತು ಬಿದ್ದರೆ ಸಾಕು, ಜನರು ಮನೆಮಾರು ಬಿಟ್ಟು ಹೊಲದ ಗುಡಿಸಲುಗಳನ್ನು ಸೇರುತ್ತಿದ್ದರು. ಈ ಮಹಾಮಾರಿಗೆ ಮೊದಲ ಲಸಿಕೆಯನ್ನು ಸಿದ್ಧಪಡಿಸಿದ ಕೀರ್ತಿ ವಾಲ್ಡೆಮಾರ್ ಹ್ಯಾಫ್ಕಿನ್ನರದು.

ಹ್ಯಾಫ್ಕಿನ್ನರು 1860ರಲ್ಲಿ ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕಾಫರ ಶಿಷ್ಯರಾದರು. ರೋಗಾಣುಗಳನ್ನು ನುಂಗುವ ಜೀವಕೋಶಗಳು ದೇಹದಲ್ಲಿವೆಯೆಂದು ಲೋಕಕ್ಕೆ ತೋರಿಸಿದವರು ಆ ಗುರುಗಳೇ. ಮತಾಂತರಗೊಳ್ಳಲು ಒಪ್ಪದ ಹ್ಯಾಫ್ಕಿನ್ನರಿಗೆ ಸ್ವದೇಶದಲ್ಲಿ ಯೋಗ್ಯ ಹುದ್ದೆ ದೊರೆಯಲಿಲ್ಲ. 1889ರಲ್ಲಿ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು; ಅಲ್ಲಿ ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ದುಡಿದು ಕಾಲರಾ ಲಸಿಕೆಯನ್ನು ರೂಪಿಸಿ, 1892ರಲ್ಲಿ ಅದನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದು ಸಾವಿರಾರು ಜನರಿಗೆ ಆ ಲಸಿಕೆ ನೀಡಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಚಿಕ್ಕ ಕೊಠಡಿಯಲ್ಲಿ ಹ್ಯಾಫ್ಕಿನ್ನರು ಹಗಲಿರುಳು ಶ್ರಮಿಸಿದರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು ಪ್ಲೇಗಿನ ರೋಗಾಣುಗಳನ್ನು ಬೆಳೆಸಿದರು. ಅವುಗಳನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಅದನ್ನು ಸ್ವತಃ ಚುಚ್ಚಿಸಿಕೊಂಡರು. ಜ್ವರ ಬಂದಿತು, ಆದರೆ ಪ್ರಾಣಕ್ಕೆ ಅಪಾಯವಾಗಲಿಲ್ಲ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಅಲ್ಲಿನ ಬಹುಪಾಲು ಜನರು ಈ ಲಸಿಕೆ ಪಡೆದರು. ರಕ್ಷಣೆ ಸಂಪೂರ್ಣವಾಗಿರಲಿಲ್ಲ, ಆದರೂ ಲಸಿಕೆ ಪಡೆದವರಲ್ಲಿ ಸಾವು ಬಹಳ ಕಡಿಮೆಯಾಯಿತು.

ಸತ್ತ ರೋಗಾಣು ದೇಹವನ್ನು ಎಚ್ಚರಿಸುವುದೆಂತು? ಅದು ಹ್ಯಾಫ್ಕಿನ್ನರ ಕಾಲಕ್ಕೆ ಬಿಡಿಸಲಾಗದ ಒಗಟು. ರಕ್ಷಕ ಜೀವಕೋಶದ ಕೋಶಕೇಂದ್ರದಲ್ಲಿ ಸಾವಿರಾರು ಜೀನುಗಳಿವೆ. ಅವುಗಳಲ್ಲಿ ಅನೇಕವು ಸುಮ್ಮನಿರುತ್ತವೆ. ಅವುಗಳಿಗೆ ಚಾಲನೆ ಕೊಡುವ ಇಲ್ಲವೆ ತಡೆಯೊಡ್ಡುವ ಪ್ರೋಟೀನುಗಳಿಗೆ ಪ್ರತಿಲೇಖನ ಕಾರಕಗಳೆಂದು ಹೆಸರು. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅಂತಹ ಒಂದು ಕಾರಕವನ್ನು ಗುರುತಿಸಿದರು. ಅದೇ ಎನ್.ಎಫ್. ಕಪ್ಪಾ-ಬಿ. ಸಾಮಾನ್ಯವಾಗಿ ಅದು ಬೇರೊಂದು ಪ್ರೋಟೀನಿನ ಕಟ್ಟಿಗೆ ಸಿಲುಕಿ ಕೋಶಕೇಂದ್ರದ ಹೊರಗೇ ಉಳಿದಿರುತ್ತದೆ. ರೋಗಾಣುವಿನ ಸುಳಿವು ಜೀವಕೋಶದ ಹೊರಮೈಗೆ ತಗುಲಿದೊಡನೆ ಆ ಕಟ್ಟು ಕಳಚುತ್ತದೆ. ಕಾರಕವು ಒಳಹೊಕ್ಕು ತಕ್ಕ ಜೀನುಗಳ ಬಳಿ ಕುಳಿತುಕೊಳ್ಳುತ್ತದೆ. ಕಬ್ಬಿನ ಗದ್ದೆಯಲ್ಲಿ ರೈತನು ಮಡೆ ತಿರುವಿದಾಗ ನೀರು ಬೇಕಾದ ಸಾಲಿಗೆ ಹರಿಯುವಂತೆ, ಆಗ ಬೇಕಾದ ಜೀನುಗಳು ಮಾತ್ರ ಕಾರ್ಯಪ್ರವೃತ್ತವಾಗುತ್ತವೆ. ಅವುಗಳ ನಕಲಿನಂತೆ ಹೋರಾಟಕ್ಕೆ ಬೇಕಾದ ಪ್ರೋಟೀನುಗಳು ತಯಾರಾಗುತ್ತವೆ. ಹೀಗೆ ಎಚ್ಚೆತ್ತ ಜೀವಕೋಶಗಳಲ್ಲಿ ಕೆಲವು ವೈರಿಯ ನೆನಪನ್ನು ಇಟ್ಟುಕೊಂಡು ಉಳಿಯುತ್ತವೆ.

ಹ್ಯಾಫ್ಕಿನ್ನರ ಬಾಳು ಮಾತ್ರ ಸುಗಮವಾಗಿ ಸಾಗಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 107 ಜನರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲರೂ ಒಂದೇ ಸೀಸೆಯ ಲಸಿಕೆ ಪಡೆದವರಾಗಿದ್ದರು. ಪ್ರಯೋಗಾಲಯದಲ್ಲಿಯೇ ಲಸಿಕೆ ಕೆಟ್ಟಿತೆಂಬ ಆರೋಪ ಹೊರಿಸಿ, ಹ್ಯಾಫ್ಕಿನ್ನರನ್ನು ಹೊಣೆಯಿಂದ ದೂರವಿಡಲಾಯಿತು. ಆದರೆ ಸೀಸೆ ತೆರೆಯಲು ಬಳಸಿದ ಚಿಮಟ ಆ ಗ್ರಾಮದಲ್ಲಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಗೊಳಿಸಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ನಿಂತರು. 1907ರಲ್ಲಿ ಅವರು ಆರೋಪಮುಕ್ತರಾದರು. ಕಹಿಯನ್ನು ನುಂಗಿಕೊಂಡು ಮತ್ತೆ ಭಾರತಕ್ಕೆ ಬಂದು ಕಲ್ಕತ್ತೆಯಲ್ಲಿ ಸೇವೆ ಸಲ್ಲಿಸಿದರು.

ಮುಂಬಯಿಯ ಪರೇಲಿನಲ್ಲಿ ಅವರು ಬೆಳೆಸಿದ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಅವರು ನಿಧನರಾದರು. ಜೀವಕೋಶದೊಳಗಿನ ಗುಟ್ಟು ಬಯಲಾಗಲು ಇನ್ನೂ ಐವತ್ತಾರು ವರ್ಷ ಬೇಕಾಗಿತ್ತು. ಆ ಗುಟ್ಟು ತಿಳಿಯುವವರೆಗೆ ಕಾಯದೆ, ಕಂಡ ಸತ್ಯವನ್ನು ನಂಬಿ ತನ್ನ ಮೈಯನ್ನೇ ಪಣಕ್ಕೊಡ್ಡಿದ ಆ ಧೀರನಿಂದ ಅಸಂಖ್ಯ ಮನೆಗಳ ದೀಪಗಳು ಆರದೆ ಉಳಿದವು.