ಹಾವು ಕಳಿಸಿ, ಔಷಧಿ ಪಡೆಯಿರಿ ಎಂದ ಡಾಕ್ಟರ್

ಹುಟ್ಟಿದ ಊರು, ಪ್ರಾಂತ್ಯ, ದೇಶ ಮೂರನ್ನೂ ಸೇರಿಸಿ ಮಗುವಿಗೆ ಹೆಸರಿಟ್ಟರೆ ಹೇಗಿರುತ್ತೆ? ಬ್ರೆಜಿಲ್‌ನ ಒಬ್ಬ ಅಪ್ಪ ಹಾಗೇ ಮಾಡಿದ್ದ. 1865ರಲ್ಲಿ ಮಿನಾಸ್ ಜೆರೈಸ್ ಪ್ರಾಂತ್ಯದ ಕಂಪಾನ್ಯಾದಲ್ಲಿ ಹುಟ್ಟಿದ ಮಗನ ಹೆಸರು ವಿಟಾಲ್ ಬ್ರೆಜಿಲ್ ಮಿನೇರೊ ಡ ಕಂಪಾನ್ಯಾ. ಮನೆಯಲ್ಲಿ ದುಡ್ಡಿರಲಿಲ್ಲ. ಅಲ್ಲಿ ಇಲ್ಲಿ ದುಡಿಯುತ್ತಲೇ ಓದಿ, 1891ರಲ್ಲಿ ರಿಯೊದಲ್ಲಿ ಡಾಕ್ಟರ್ ಆದರು.

ಪ್ರಾಕ್ಟೀಸ್ ಶುರು ಮಾಡಿದ ಬೊಟುಕಾಟು ಸುತ್ತ ಕೃಷಿಕರೇ ಹೆಚ್ಚು. ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಹಾವು ಕಚ್ಚುತ್ತಿತ್ತು, ಡಾಕ್ಟರ್ ಕೈಯಲ್ಲಿ ಮದ್ದಿರಲಿಲ್ಲ. ಜನ ಹೇಳಿದ ಗಿಡಮೂಲಿಕೆಗಳನ್ನೂ ಪರೀಕ್ಷಿಸಿ ನೋಡಿದರು, ಫಲ ಸಿಗಲಿಲ್ಲ. 1899ರಲ್ಲಿ ಸ್ಯಾಂಟೋಸ್ ಬಂದರಿನ ಪ್ಲೇಗ್ ತನಿಖೆಗೆ ಹೋಗಿ ತಾವೇ ಪ್ಲೇಗ್ ಹಿಡಿಸಿಕೊಂಡು ಬದುಕಿ ಬಂದರು. ಪ್ಲೇಗ್ ಸೀರಂಗೆಂದೇ ಸಾವೊ ಪಾಲೊ ಹೊರಗಿನ ಬುಟಾಂಟಾನ್ ಎಂಬ ಫಾರಂನಲ್ಲಿ ಸಂಸ್ಥೆ ಹುಟ್ಟಿತು. 1901ರಲ್ಲಿ ಇವರೇ ಅದರ ನಿರ್ದೇಶಕರು.

ಆಗ ಫ್ರಾನ್ಸ್‌ನ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಸೀರಂ ತಯಾರಿಸಿ, ಅದು ಬೇರೆ ಹಾವುಗಳಿಗೂ ನಡೆಯುತ್ತದೆ ಎಂದು ನಂಬಿದ್ದರು. ವಿಟಾಲ್ ಬ್ರೆಜಿಲ್ ಪರೀಕ್ಷಿಸಿದರು. ತಮ್ಮ ದೇಶದ ಹಾವುಗಳ ಮುಂದೆ ಅದು ನಿಷ್ಪ್ರಯೋಜಕ! ಅಷ್ಟೇ ಅಲ್ಲ, ಜರರಾಕಾ ಹಾವಿನ ಸೀರಂ ಬಾಲ ಗಿಲಕಿಯಂತೆ ಸದ್ದು ಮಾಡುವ ರ್ಯಾಟಲ್‌ಸ್ನೇಕ್ ವಿಷಕ್ಕೆ ಆಗದು. ಯಾವ ಹಾವೋ ಅದರದೇ ಸೀರಂ ಬೇಕು. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಚುಚ್ಚಿ, ಅದರ ರಕ್ತದಿಂದ ಸೀರಂ ತೆಗೆಯುವುದು ಕ್ರಮ.

ಆದರೆ ವಿಷಕ್ಕೆ ಅಷ್ಟು ಹಾವು ಎಲ್ಲಿಂದ ತರುವುದು? ನನಗೆ ಅತಿ ಇಷ್ಟವಾದದ್ದು ಈ ಭಾಗ. ರೈತರಿಗೆ ಕುಣಿಕೆ ಕೋಲಿನಿಂದ ಹಾವು ಹಿಡಿಯುವುದನ್ನು ಕಲಿಸಿದರು. ಹಾವು ತುಂಬಿದ ಮರದ ಪೆಟ್ಟಿಗೆಗಳನ್ನು ರೈಲು ಪುಕ್ಕಟೆ ಸಾಗಿಸಿತು. ಬದಲಿಗೆ ರೈತನಿಗೆ ಸೀರಂ. ಸೀರಂ ಜೊತೆಗೆ ಒಂದು ಫಾರಂ ಕೂಡ: ಎಲ್ಲಿ ಕಚ್ಚಿತು, ಯಾವ ಹಾವು, ರೋಗಿ ಏನಾದ, ಬರೆದು ಕಳಿಸಬೇಕು. ಕಂಪ್ಯೂಟರ್ ಇಲ್ಲದ ಕಾಲದ ಡೇಟಾ ಕಲೆಕ್ಷನ್ ಅನ್ನಿ. ಹೆಚ್ಚಿನವರಿಗೆ ಕಚ್ಚಿದ್ದು ಕಾಲಿಗೆ ಎಂದು ಗೊತ್ತಾಗಿ, ಬೂಟು ಹಾಕಿ ಎಂಬ ಪ್ರಚಾರವೂ ನಡೆಯಿತು. 1911ರಲ್ಲಿ ಅವರ ಪುಸ್ತಕವೂ ಬಂತು.

1916ರ ಜನವರಿಯಲ್ಲಿ ಅವರು ಅಮೆರಿಕದಲ್ಲಿದ್ದಾಗ, ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ನೌಕರನಿಗೆ ರ್ಯಾಟಲ್‌ಸ್ನೇಕ್ ಕಚ್ಚಿತು. ಸ್ಥಿತಿ ಕೆಡುತ್ತಲೇ ಹೋಯಿತು. ಬ್ರೆಜಿಲ್‌ನಿಂದ ತಂದಿದ್ದ ಸೀರಂ ಕೊಟ್ಟ ಮೇಲೆ ಆತ ಚೇತರಿಸಿಕೊಂಡ.

1919ರಲ್ಲಿ ಬುಟಾಂಟಾನ್ ಬಿಟ್ಟು ನಿಟೆರಾಯ್‌ನಲ್ಲಿ ಹೊಸ ಸಂಸ್ಥೆ ಕಟ್ಟಿದರು. 1950ರಲ್ಲಿ ತೀರಿಕೊಂಡರು.

ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಸೀರಂ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಪಶ್ಚಿಮಘಟ್ಟದ ತೋಟಗಳಲ್ಲಿರುವ ಹಂಪ್-ನೋಸ್ಡ್ ಪಿಟ್ ವೈಪರ್ ಕಚ್ಚಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಹಾವಿಗೆ ಬೇಕಾದ ಸೀರಂ ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಸಿಗುತ್ತಿಲ್ಲ.