ಜ್ಯಾಕ್ ಇಟ್ಟು ಕಟ್ಟಡಗಳನ್ನು ಎತ್ತಿದ ಜಾರ್ಜ್ ಪುಲ್‌ಮನ್

ಮನೆಯ ಒಂದು ಮೂಲೆ ಕುಸಿದರೆ ಅಲ್ಲಿಗೆ ದೊಡ್ಡ ಜ್ಯಾಕ್ ಕೊಟ್ಟು ಎತ್ತಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಇದು ಏಕೆ ತಪ್ಪು? ಉತ್ತರ ಅಮೆರಿಕದ ಜಾರ್ಜ್ ಪುಲ್‌ಮನ್ ಅವರ ಬದುಕಿನಲ್ಲಿದೆ. ರೈಲಿನ ಸ್ಲೀಪರ್ ಬೋಗಿಗಳಿಂದ ಹೆಸರಾಗುವ ಮೊದಲು ಅವರು ಮಾಡುತ್ತಿದ್ದುದು ಕಟ್ಟಡ ಎತ್ತುವ ಕೆಲಸ.

ಪುಲ್‌ಮನ್ 1831ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದರು. ಈರಿ ಕಾಲುವೆಯನ್ನು ಅಗಲ ಮಾಡುವಾಗ ದಡದಲ್ಲಿದ್ದ ಕಟ್ಟಡಗಳನ್ನು ಹಿಂದಕ್ಕೆ ಸರಿಸುವುದು ಅವರ ತಂದೆಯ ಕಸುಬು. 1853ರಲ್ಲಿ ತಂದೆ ತೀರಿಕೊಂಡ ಮೇಲೆ ಆ ಕೆಲಸವನ್ನು ಮಗ ಮುಂದುವರಿಸಿದರು.

ಆಗ ಶಿಕಾಗೊ ನಗರಕ್ಕೆ ದೊಡ್ಡ ಸಮಸ್ಯೆಯಿತ್ತು. ತಗ್ಗಾದ, ಸಮತಟ್ಟಾದ ನೆಲದಲ್ಲಿ ಕೊಳಚೆ ನೀರು ಹರಿದುಹೋಗದೆ ಕಾಲರಾ ಹರಡುತ್ತಿತ್ತು. ಒಳಚರಂಡಿಯ ಕೊಳವೆಗಳಿಗೆ ಇಳಿಜಾರು ಸಿಗಲೆಂದು ರಸ್ತೆಗಳನ್ನೇ ಎತ್ತರಿಸಿದರು. ಕಟ್ಟಡಗಳು ಮಾತ್ರ ಕೆಳಗೇ ಉಳಿದವು. 1859ರಲ್ಲಿ ಪುಲ್‌ಮನ್ ಅಲ್ಲಿಗೆ ಬಂದರು.

1860ರಲ್ಲಿ ಲೇಕ್ ಸ್ಟ್ರೀಟ್‌ನಲ್ಲಿ ಸುಮಾರು 320 ಅಡಿ ಉದ್ದದ ಇಟ್ಟಿಗೆ ಕಟ್ಟಡಗಳ ಸಾಲನ್ನು ಒಟ್ಟಿಗೇ ಎತ್ತಲಾಯಿತು. ಆ ಕೆಲಸ ವಹಿಸಿಕೊಂಡವರಲ್ಲಿ ಪುಲ್‌ಮನ್ ಒಬ್ಬರು. ಅಂದಾಜು 35,000 ಟನ್ ತೂಕದ ಆ ಸಾಲನ್ನು 600 ಜನ, 6,000 ಸ್ಕ್ರೂ ಜ್ಯಾಕ್‌ಗಳಿಂದ, ಐದು ದಿನಗಳಲ್ಲಿ 4 ಅಡಿ 8 ಇಂಚು ಏರಿಸಿದರು. ಅಷ್ಟೂ ದಿನ ಒಳಗಿನ ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು!

ಇದು ಹೇಗೆ ಸಾಧ್ಯವಾಯಿತು? ಲೆಕ್ಕ ಹಾಕಿದರೆ ಒಂದೊಂದು ಜ್ಯಾಕ್ ಮೇಲೆ ಬಿದ್ದದ್ದು ಸರಾಸರಿ ಆರು ಟನ್ ಭಾರ ಮಾತ್ರ. ಸ್ಕ್ರೂವನ್ನು ಒಂದು ಸುತ್ತು ತಿರುಗಿಸಿದರೆ ಅದು ಏರುವುದು ಒಂದು ಎಳೆಯಷ್ಟೇ. ಎಲ್ಲವನ್ನೂ ಒಂದೇ ಸಮನೆ, ಸ್ವಲ್ಪ ಸ್ವಲ್ಪವೇ ತಿರುಗಿಸಿದಾಗ ಗೋಡೆ ಬಾಗುವುದಿಲ್ಲ. ಇಟ್ಟಿಗೆ ಗೋಡೆ ಭಾರವನ್ನು ಹೊರುತ್ತದೆ, ಆದರೆ ಬಾಗಿಸಿದರೆ ಬಿರಿಯುತ್ತದೆ. ಒಂದೇ ಮೂಲೆಯನ್ನು ಎತ್ತಿದಾಗ ಆಗುವುದು ಇದೇ.

ಮುಂದೆ ಪುಲ್‌ಮನ್ ಬೋಗಿಗಳ ಕಾರ್ಖಾನೆ ತೆರೆದು, ಕೆಲಸಗಾರರಿಗಾಗಿ ಊರನ್ನೇ ಕಟ್ಟಿಸಿದರು. ಆರ್ಥಿಕ ಮುಗ್ಗಟ್ಟು ಬಂದಾಗ ಕೂಲಿ ಕಡಿತ ಮಾಡಿದರೂ ಆ ಊರಿನ ಮನೆ ಬಾಡಿಗೆ ಇಳಿಸಲಿಲ್ಲ. 1894ರಲ್ಲಿ ದೊಡ್ಡ ಮುಷ್ಕರ ನಡೆಯಿತು. 1897ರಲ್ಲಿ ಅವರು ನಿಧನರಾದರು.

ನಮ್ಮ ಮನೆ ಕುಸಿದರೆ ಏನು ಮಾಡಬೇಕು? ಮೊದಲು ಮಣ್ಣು ಏಕೆ ಕುಸಿಯಿತು ಎಂದು ಇಂಜಿನಿಯರ್ ಒಬ್ಬರಿಂದ ತಿಳಿದುಕೊಳ್ಳೋಣ. ಕಾರಣ ಸರಿಯಾಗದಿದ್ದರೆ ಎತ್ತಿದ ಮನೆ ಮತ್ತೆ ಕುಸಿಯಬಹುದು. ಜ್ಯಾಕ್ ಕೆಳಗೆ ಗಟ್ಟಿ ತಳವಿರಲಿ, ಏರಿದಷ್ಟಕ್ಕೂ ಮರದ ದಿಮ್ಮಿಗಳ ಆಸರೆ ಇರಲಿ. ಬರೀ ಜ್ಯಾಕ್ ನಂಬಿ ಯಾರೂ ಮನೆಯ ಕೆಳಗೆ ನುಸುಳಬಾರದು.