ಆಂಟ್ವರ್ಪಿನಲ್ಲಿ ಓಡಿದ ಬೆಳಗಾವಿಯ ತರುಣ

ತಾಲೂಕು ಕ್ರೀಡಾಕೂಟದ ಹಿಂದಿನ ರಾತ್ರಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಊಟ ಸೇರದು, ನಿದ್ರೆ ಹತ್ತದು. ಸೋತರೆ ಮನೆಯವರಿಗೆ, ಶಾಲೆಗೆ ಹೇಗೆ ಮುಖ ತೋರಿಸುವುದೆಂಬ ಅಳುಕು ಅವರನ್ನು ಕಾಡುತ್ತದೆ. ಅಂಥ ಮಕ್ಕಳೂ ಅವರ ತಂದೆತಾಯಿಗಳೂ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ಬದುಕನ್ನು ಒಮ್ಮೆ ಸ್ಮರಿಸುವುದು ಒಳಿತು.

ಚೌಗುಲೆಯವರು ಜನಿಸಿದ್ದು 1902ರಲ್ಲಿ. ಆ ಕಾಲದಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಸ್ಪರ್ಧೆಗಳಲ್ಲಿ ಹಳ್ಳಿಗಾಡಿನ ಯುವಕರು ಬರಿಗಾಲಿನಲ್ಲೇ ಓಡುತ್ತಿದ್ದರು. ಅವರ ವೇಗವನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರು 1920ರ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕಳುಹಿಸಲು ಮುಂದಾದರು. ನಾಲ್ವರು ಓಟಗಾರರೂ ಇಬ್ಬರು ಕುಸ್ತಿಪಟುಗಳೂ ಇದ್ದ ಆ ಮೊದಲ ತಂಡದಲ್ಲಿ ಚೌಗುಲೆಯವರೂ ಒಬ್ಬರಾದರು.

ಹದಿನೆಂಟರ ತರುಣನ ಹೆಗಲೇರಿದ ಭಾರ ಹಗುರವಾದುದಲ್ಲ. ಹಡಗಿನ ದೀರ್ಘ ಪ್ರಯಾಣ, ಪರದೇಶದ ಚಳಿ, ಅಪರಿಚಿತ ಹಾದಿ, ಜೊತೆಗೆ ಇಡೀ ದೇಶದ ಹೆಸರು. ಆಗಸ್ಟ್ 22ರಂದು ನಡೆದ ಮ್ಯಾರಥಾನ್ 42.75 ಕಿಲೋಮೀಟರ್ ಉದ್ದದ್ದಾಗಿತ್ತು. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ದೀರ್ಘವಾದುದು. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಗೆದ್ದರು. ತಂಡದ ಇನ್ನೊಬ್ಬ ಓಟಗಾರ ದಾತಾರ್ ಗುರಿ ಮುಟ್ಟಲಾಗಲಿಲ್ಲ. ಚೌಗುಲೆಯವರು ವಿಜೇತರಿಗಿಂತ ಸುಮಾರು 18 ನಿಮಿಷ ತಡವಾಗಿ, 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು.

ಪದಕ ಬರಲಿಲ್ಲ. ಆದರೂ ಆ ಓಟ ಇಂದಿಗೂ ಒಂದು ಪಾಠ. ಕಾತರದಿಂದ ಆರಂಭದಲ್ಲೇ ಧಾವಿಸಿದವನ ಬಲ ಬೇಗ ಬತ್ತುತ್ತದೆ. ತನ್ನ ನಡೆಯನ್ನು ತಾನರಿತವನು ಕೊನೆಯವರೆಗೆ ಬಾಳುತ್ತಾನೆ. ಸ್ಪರ್ಧೆಗೆ ಮುನ್ನ ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು ಹೇಡಿತನವಲ್ಲ. ದೇಹವು ದುಡಿಮೆಗೆ ಸಿದ್ಧವಾಗುವ ಬಗೆ ಅದು. ಆಗ ಉಸಿರನ್ನು ನಿಧಾನವಾಗಿ ಹೊರಬಿಡಬೇಕು. ಹಿಂದಿನ ದಿನ ಹೊಸ ಕಸರತ್ತು ಬೇಡ, ಹೊಸ ಆಹಾರವೂ ಬೇಡ. ರೂಢಿಯ ರೊಟ್ಟಿ ಅನ್ನವೇ ಸಾಕು. ಗೆಲುವು ನಮ್ಮ ಕೈಯಲ್ಲಿಲ್ಲ. ಅಭ್ಯಾಸ, ನಡೆಯ ಲಯ, ಗುರಿ ಮುಟ್ಟುವ ಹಟ ಇವು ನಮ್ಮವು. ಮನಸ್ಸನ್ನು ಇವುಗಳ ಮೇಲೆ ನಿಲ್ಲಿಸಿದಾಗ ಅಳುಕು ತಾನಾಗಿ ತಗ್ಗುತ್ತದೆ.

ಚೌಗುಲೆಯವರು 1952ರಲ್ಲಿ ತೀರಿಕೊಂಡರು. ಅದೇ ವರ್ಷ ಹೆಲ್ಸಿಂಕಿಯಲ್ಲಿ ಕುಸ್ತಿಪಟು ಖಾಶಾಬಾ ಜಾಧವ್ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದರು. ಮೊದಲು ಹೋದವರು ಬರಿಗೈಯಲ್ಲಿ ಮರಳಿದರೂ ದಾರಿ ತೆರೆದಿದ್ದರು. ಆದುದರಿಂದ ಪೋಷಕರೇ, ಮೈದಾನದಿಂದ ಮರಳಿದ ಮಗುವನ್ನು ಎಷ್ಟನೆಯ ಸ್ಥಾನವೆಂದು ಕೇಳುವ ಮುನ್ನ ಅದರ ಬೆನ್ನು ತಟ್ಟಿ, ನೀರು ಕೊಡಿ.